ಕಿಲ್ಲಾರಿ ಭೂಕಂಪದ ಸಂಶೋಧನೆ: ದಾಖಲೆಯಿಲ್ಲದ ನೆಲವನ್ನು ಓದುವ ಬಗೆ

1993ರ ಸೆಪ್ಟೆಂಬರ್ 30ರಂದು ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಲಾತೂರ ಮತ್ತು ಉಸ್ಮಾನಾಬಾದ ಜಿಲ್ಲೆಗಳು ಕೂಡುವ ಸೀಮೆಯಲ್ಲಿ ಸಂಭವಿಸಿದ ಭೂಕಂಪವನ್ನು ಸಂಶೋಧನ ಸಾಹಿತ್ಯವು ಕಿಲ್ಲಾರಿ ಭೂಕಂಪವೆಂದು ಗುರುತಿಸುತ್ತದೆ. ಅದರ ಪ್ರಮಾಣ 6.2. ಭೂಕಂಪನಶಾಸ್ತ್ರದ ಲೆಕ್ಕದಲ್ಲಿ ಇದು ಅಸಾಧಾರಣವಾದುದಲ್ಲ; ಆರನ್ನು ಮೀರಿದ ಕಂಪನಗಳು ಭೂಮಿಯ ಮೇಲೆ ವರ್ಷಕ್ಕೆ ನೂರಕ್ಕೂ ಹೆಚ್ಚು ಆಗುತ್ತವೆ, ಅವುಗಳಲ್ಲಿ ಬಹುಪಾಲು ಸಮುದ್ರದ ತಳದಲ್ಲಿಯೋ ನಿರ್ಜನ ಪ್ರದೇಶದಲ್ಲಿಯೋ ನಡೆದು ಮುಗಿಯುತ್ತವೆ. ಇಲ್ಲಿ ಹಾಗಾಗಲಿಲ್ಲ. ಅನಂತ ಚತುರ್ದಶಿಯ ಗಣೇಶ ವಿಸರ್ಜನೆ ಮುಗಿಸಿ ತಡರಾತ್ರಿ ಮಲಗಿದ್ದ ಜನ ತಮ್ಮ ಮನೆಗಳ ಗೋಡೆಗಳ ಕೆಳಗೇ ಸಿಕ್ಕರು. ಔಸಾ ತಾಲ್ಲೂಕಿನ ಕಿಲ್ಲಾರಿ, ಅಂದು ಉಮರ್ಗಾ ತಾಲ್ಲೂಕಿಗೆ ಸೇರಿದ್ದ ಸಾಸ್ತೂರ ಮೊದಲಾದ ಊರುಗಳು ಒಂದು ನಿಮಿಷದೊಳಗೆ ಕಲ್ಲುರಾಶಿಯಾದವು. ಮೃತರ ಸಂಖ್ಯೆ ಒಂದು ಲೆಕ್ಕದಲ್ಲಿ 7,928, ಇನ್ನೊಂದು ಲೆಕ್ಕದಲ್ಲಿ 9,748. ಎರಡು ಸಂಖ್ಯೆಗಳೂ ಇಂದಿಗೂ ಗ್ರಂಥಗಳಲ್ಲಿ ಅಕ್ಕಪಕ್ಕದಲ್ಲೇ ಚಲಾವಣೆಯಲ್ಲಿವೆ. ಅವುಗಳ ನಡುವಿನ ಅಂತರವೇ ಒಂದು ದೊಡ್ಡ ಊರಿನಷ್ಟು.

ಈ ಸೀಮೆ ಕನ್ನಡ ಅಧ್ಯಯನಕ್ಕೆ ಅಪರಿಚಿತವಲ್ಲ. ರಾಷ್ಟ್ರಕೂಟರೂ ಸವದತ್ತಿಯ ರಟ್ಟರೂ ತಮ್ಮ ಶಾಸನಗಳಲ್ಲಿ ಧರಿಸಿಕೊಂಡ 'ಲತ್ತಲೂರ್ಪುರವರಾಧೀಶ್ವರ' ಎಂಬ ಬಿರುದಿನ ಲತ್ತಲೂರು ಇಂದಿನ ಲಾತೂರವೆಂದು ವಿದ್ವಾಂಸರು ಗುರುತಿಸಿದ್ದಾರೆ. ಶಿಲಾಹಾರರ 'ತಗರಪುರವರಾಧೀಶ್ವರ'ದ ತಗರವು ತೇರ್ಣಾ ನದಿಯ ದಂಡೆಯ ತೇರ. ಉಮರ್ಗಾ, ನಿಲಂಗಾ, ಉದಗೀರ, ದೇವಣಿಗಳ ಹಳ್ಳಿಗಳಲ್ಲಿ ಮನೆಯೊಳಗೆ ಕನ್ನಡವನ್ನೂ ಸಂತೆಯಲ್ಲಿ ಮರಾಠಿಯನ್ನೂ ಆಡುವ ಕುಟುಂಬಗಳು ಇಂದಿಗೂ ಇವೆ. ಹೊರಗಿನವರಿಗೆ ದನದ ತಳಿಯ ಹೆಸರಾಗಿಯೇ ಹೆಚ್ಚು ಪರಿಚಿತವಾಗಿರುವ ದೇವಣಿಯು ಕಿಲ್ಲಾರಿಯಿಂದ ಪೂರ್ವಕ್ಕೆ, ಐವತ್ತು ಅರವತ್ತು ಕಿಲೋಮೀಟರುಗಳ ಅಳತೆಯಲ್ಲಿದೆ. ಭೂಕಂಪದ ದೃಷ್ಟಿಯಿಂದ ಇದು ನೆರೆಮನೆ.

ಆದರೆ 1993ರವರೆಗೆ ಈ ನೆಲವನ್ನು ಯಾರೂ ಭೂಕಂಪದ ನೆಲವೆಂದು ಕರೆದಿರಲಿಲ್ಲ. ಭಾರತೀಯ ಮಾನಕ ಬ್ಯೂರೋದ 1984ರ ವಲಯನಕ್ಷೆಯು ದೇಶವನ್ನು ಐದು ವಲಯಗಳಾಗಿ ವಿಂಗಡಿಸಿತ್ತು. ಕಿಲ್ಲಾರಿ ಇದ್ದದ್ದು ಮೊದಲನೆಯದರಲ್ಲಿ, ಅಂದರೆ ಅತ್ಯಂತ ಸುರಕ್ಷಿತವೆಂದು ಭಾವಿಸಲಾದ ವಲಯದಲ್ಲಿ. ಆ ತೀರ್ಮಾನಕ್ಕೆ ಆಧಾರವಾಗಿದ್ದದ್ದು ಮುಖ್ಯವಾಗಿ ದಾಖಲೆಯ ಅಭಾವ: ಇಲ್ಲಿ ದೊಡ್ಡ ಭೂಕಂಪವಾದ ವರದಿ ಇಲ್ಲ, ಆದ್ದರಿಂದ ಅಪಾಯ ಕಡಿಮೆ. ಆನಂತರದ ಮೂರು ದಶಕಗಳಲ್ಲಿ ಭೂವಿಜ್ಞಾನಿಗಳು, ಸಂಖ್ಯಾಶಾಸ್ತ್ರಜ್ಞರು, ಪುರಾತತ್ತ್ವಜ್ಞರು ಮತ್ತು ಸಮಾಜವಿಜ್ಞಾನಿಗಳು ಕಿಲ್ಲಾರಿಯ ಕುರಿತು ನಡೆಸಿದ ಅಧ್ಯಯನಗಳನ್ನು ಒಟ್ಟಿಗಿರಿಸಿ ಓದಿದರೆ ಅವೆಲ್ಲವೂ ಈ 'ಆದ್ದರಿಂದ'ವನ್ನೇ ಬೇರೆಬೇರೆ ದಿಕ್ಕುಗಳಿಂದ ಪರೀಕ್ಷಿಸುತ್ತಿರುವುದು ಕಾಣುತ್ತದೆ. ದಾಖಲೆ ಮೌನವಾಗಿದ್ದರೆ ಅದಕ್ಕೆ ಏನರ್ಥ? ಪಠ್ಯಗಳೊಡನೆ ಕೆಲಸ ಮಾಡುವವರಿಗೂ ಈ ಪ್ರಶ್ನೆ ಹೊಸದಲ್ಲ. ಆದುದರಿಂದಲೇ ಈ ಸಂಶೋಧನೆಯನ್ನು ಭೂವಿಜ್ಞಾನಿಗಳ ಪಾಲಿಗೆ ಬಿಟ್ಟು ಸುಮ್ಮನಿರಲಾಗದು.

ಮೊದಲು ನೆಲದ ಕೆಳಗಿನ ಸಂಗತಿ. ಈ ಸೀಮೆಯ ಕಪ್ಪುಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾ. ಅದರ ಕೆಳಗೆ ಏನಿದೆಯೆಂಬುದು ಮೇಲಿನಿಂದ ಕಾಣದು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನ ಸಂಸ್ಥೆಯು ಭೂಕಂಪದ ತರುವಾಯ ಕಿಲ್ಲಾರಿಯಲ್ಲಿ 617 ಮೀಟರ್ ಆಳದ ಕೊಳವೆ ಕೊರೆದು ಅಖಂಡ ಕಲ್ಲುದಿಂಡುಗಳನ್ನು ಹೊರತೆಗೆಯಿತು. ಮೇಲಿನ 338 ಮೀಟರ್ ಬಸಾಲ್ಟ್, ಆಮೇಲೆ ಕೇವಲ 8 ಮೀಟರ್ ದಪ್ಪದ ಹಳೆಯ ಮಣ್ಣುಮರಳಿನ ಪದರ, ಅದರ ಕೆಳಗೆ ಲಾವಾಕ್ಕಿಂತ ಹಲವು ಪಾಲು ಪ್ರಾಚೀನವಾದ ತಳಶಿಲೆ. ಕೊಯ್ನಾದಲ್ಲಿ ಇದೇ ಬಸಾಲ್ಟಿನ ದಪ್ಪ ಒಂದು ಕಿಲೋಮೀಟರನ್ನು ಮೀರುತ್ತದೆ. ಅಂದರೆ ಮರಾಠವಾಡದ ಈ ಪೂರ್ವದ ಅಂಚಿನಲ್ಲಿ ಲಾವಾ ಒಂದು ತೆಳುವಾದ ಹೊದಿಕೆ; ಹೊದಿಕೆಯ ಕೆಳಗಿನ ಹಳೆಯ ಬಿರುಕುಗಳು ಮೇಲಿನಿಂದ ಕಾಣದಂತೆ ಮುಚ್ಚಿಹೋಗಿವೆ.

ಆ ಬಿರುಕುಗಳು ಹಳೆಯವೋ ಹೊಸವೋ ಎಂಬುದೇ ವಿವಾದದ ಕೇಂದ್ರ. ಲಿಯೊನಾರ್ಡೊ ಸೀಬರ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಲೇಖನವು ಕಂಪನದ ಕೇಂದ್ರವು ನೆಲಮಟ್ಟದಿಂದ ಕೆಲವೇ ಕಿಲೋಮೀಟರು ಕೆಳಗಿತ್ತೆಂದೂ, ಮುರಿದದ್ದು ಹಿಂದೆಂದೂ ಮುರಿಯದ ಹೊಸ ಜಾಗವಿರಬಹುದೆಂದೂ ವಾದಿಸಿತು. ಅದರ ಶೀರ್ಷಿಕೆ ಪ್ರಶ್ನಾರ್ಥಕ ಚಿಹ್ನೆಯಿಂದ ಮುಗಿಯುತ್ತದೆ ಎಂಬುದನ್ನು ಗಮನಿಸಬೇಕು; ವಿಜ್ಞಾನದ ಲೇಖನಗಳಲ್ಲಿ ಅಷ್ಟು ಪ್ರಾಮಾಣಿಕವಾದ ವಿರಾಮಚಿಹ್ನೆ ಅಪರೂಪ. ಅದೇ ವರ್ಷ ಸಿ. ಪಿ. ರಾಜೇಂದ್ರನ್, ಕುಸಲಾ ರಾಜೇಂದ್ರನ್ ಮತ್ತಿತರರು ಇದಕ್ಕೆ ವಿರುದ್ಧವಾಗಿ, ಇದು ಪ್ರಾಚೀನ ತಳಶಿಲೆಯ ಹಳೆಯ ಸ್ತರಭಂಗವೊಂದು ಮತ್ತೆ ಚಲಿಸಿದ ಉದಾಹರಣೆಯೆಂದು ಪ್ರತಿಪಾದಿಸಿದರು. ಕೊಳವೆಗಳ ಸಾಕ್ಷ್ಯ ಎರಡನೆಯ ಪಕ್ಷದ ಕಡೆಗೆ ವಾಲುತ್ತದೆ. ಭೂಮಿಯ ಮೇಲ್ಮೈಯಲ್ಲಿ 1993ರಂದು ಕಂಡ ಪಲ್ಲಟ ಒಂದು ಮೀಟರಿಗೂ ಕಡಿಮೆ. ಆಳದ ಲಾವಾ ಪದರಗಳಲ್ಲಿ ಅದು ಹಲವು ಪಟ್ಟು ಹೆಚ್ಚು. ಒಂದೇ ರಾತ್ರಿಯಲ್ಲಿ ಆಗಲಾರದಷ್ಟು ಪಲ್ಲಟ ಅಲ್ಲಿ ಶೇಖರವಾಗಿದ್ದರೆ ಈ ನೆಲ ಹಿಂದೆಯೂ, ಬಹುಶಃ ಹಲವು ಸಲ, ಅಲುಗಿರಬೇಕು. ಆದರೆ ಯಾವಾಗ? ಇದಕ್ಕೆ ಕಲ್ಲುದಿಂಡು ಉತ್ತರ ಕೊಡುವುದಿಲ್ಲ.

'ಯಾವಾಗ' ಎಂಬುದು ಗಣಿತದ ಪಾಲಿಗೆ ಬಂದ ಪ್ರಶ್ನೆ. ಅದಕ್ಕಿಂತ ಮೊದಲು ಇನ್ನೊಂದು ಸರಳವಾದ ಪ್ರಶ್ನೆಯಿದೆ: ಇನ್ನೂರು ವರ್ಷ ಏನೂ ಆಗಿಲ್ಲವೆಂದರೆ ಅದು ಎಷ್ಟು ಬಲವಾದ ಸಾಕ್ಷ್ಯ? ಸಂಖ್ಯಾಶಾಸ್ತ್ರದಲ್ಲಿ ಇದಕ್ಕೊಂದು ಸುಲಭ ಸೂತ್ರವಿದೆ, ಅದರ ಹೆಸರು 'ಮೂರರ ನಿಯಮ'. (ಮಹಾವೀರಾಚಾರ್ಯನ ಗಣಿತಸಾರಸಂಗ್ರಹವನ್ನು ಬಲ್ಲವರು ಇದನ್ನು ತ್ರೈರಾಶಿಕವೆಂದು ಭಾವಿಸಬಾರದು, ಹೆಸರು ಮಾತ್ರ ಒಂದೇ.) 1983ರಲ್ಲಿ ಹ್ಯಾನ್ಲಿ ಮತ್ತು ಲಿಪ್‌ಮನ್-ಹ್ಯಾಂಡ್ ಇದನ್ನು ವೈದ್ಯರಿಗಾಗಿ ವಿವರಿಸಿದ ಲೇಖನದ ಶೀರ್ಷಿಕೆಯೂ ಪ್ರಶ್ನೆಯೇ: ಏನೂ ಕೆಡದಿದ್ದರೆ ಎಲ್ಲವೂ ಸರಿಯಾಗಿದೆಯೇ? ನಿಯಮ ಹೀಗಿದೆ. 'ಎನ್' ವರ್ಷಗಳಲ್ಲಿ ಒಂದು ಘಟನೆ ಒಮ್ಮೆಯೂ ನಡೆಯದಿದ್ದರೆ, ಅದರ ವಾರ್ಷಿಕ ಸಂಭವದ ಮೇಲ್ಮಿತಿಯನ್ನು, ಶೇಕಡಾ 95ರ ಭರವಸೆಯೊಡನೆ, ಮೂರನ್ನು 'ಎನ್'ನಿಂದ ಭಾಗಿಸಿ ಪಡೆಯಬಹುದು. ಇನ್ನೂರು ವರ್ಷಗಳ ನಿರ್ದೋಷವಾದ ದಾಖಲೆ ಇದೆಯೆಂದು ಇಟ್ಟುಕೊಳ್ಳೋಣ. ಮೂರನ್ನು ಇನ್ನೂರರಿಂದ ಭಾಗಿಸಿದರೆ 0.015. ಅಂದರೆ, ಸರಾಸರಿ 67 ವರ್ಷಗಳಿಗೊಮ್ಮೆ ಬರುವ ಭೂಕಂಪವೂ ಇನ್ನೂರು ವರ್ಷ ಮೌನವಾಗಿರುವುದು ಅಸಾಧ್ಯವಲ್ಲ. ಇಪ್ಪತ್ತರಲ್ಲಿ ಒಂದು ಪಾಲು ಸಾಧ್ಯತೆಯಿದೆ. ಎರಡು ಶತಮಾನಗಳ ಮೌನದಿಂದ ನಾವು ತಳ್ಳಿಹಾಕಬಲ್ಲದ್ದು ಇಷ್ಟನ್ನೇ. ಸಾವಿರ ವರ್ಷಗಳಿಗೊಮ್ಮೆ ಬರುವ ಭೂಕಂಪದ ಬಗ್ಗೆ ಆ ಮೌನ ಏನನ್ನೂ ಹೇಳುವುದಿಲ್ಲ. ಮರಾಠವಾಡದ ನಿಜವಾದ ದಾಖಲೆಯಾದರೋ ನಿರ್ದೋಷವಾದುದಲ್ಲ, ಇನ್ನೂರು ವರ್ಷ ಒಂದೇ ಸಮನೆ ನಡೆದುಬಂದುದೂ ಅಲ್ಲ.

ಕಟ್ಟಡ ಸಂಹಿತೆಗಳಲ್ಲಿ ಬರುವ '475 ವರ್ಷಗಳ ಪುನರಾವರ್ತನ ಅವಧಿ' ಎಂಬ ಮಾತನ್ನು ಇಲ್ಲಿಯೇ ಬಿಡಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಅದು ಬಹಳ ತಪ್ಪಾಗಿ ಓದಲ್ಪಡುವ ಪದ. ಅದು ಭೂಕಂಪದ ಪಂಚಾಂಗವಲ್ಲ. ಐವತ್ತು ವರ್ಷ ಬಾಳುವ ಕಟ್ಟಡವೊಂದು ಆ ಮಟ್ಟದ ಕಂಪನವನ್ನು ಎದುರಿಸುವ ಸಂಭವ ಶೇಕಡಾ 10 ಎಂಬುದನ್ನೇ ಇನ್ನೊಂದು ರೂಪದಲ್ಲಿ ಹೇಳಿದರೆ 475 ಬರುತ್ತದೆ. ಸರಾಸರಿ 1,500 ವರ್ಷಗಳಿಗೊಮ್ಮೆ ಚಲಿಸುವ ಸ್ತರಭಂಗದ ಮೇಲೆ ಕಟ್ಟಿದ ಮನೆಗೆ ಐವತ್ತು ವರ್ಷಗಳಲ್ಲಿ ಆ ಸಂಭವ ಸುಮಾರು ಶೇಕಡಾ 3.3. ಚಿಕ್ಕ ಸಂಖ್ಯೆ ನಿಜ. ಆದರೆ ಅಂಥ ಸ್ತರಭಂಗಗಳು ಎಷ್ಟಿವೆಯೆಂಬುದು ತಿಳಿಯದಿರುವಾಗ ಚಿಕ್ಕದೆಂಬ ಸಮಾಧಾನವೂ ಚಿಕ್ಕದೇ.

ಒಂದು ಸ್ಥಳದ ದಾಖಲೆ ಸಾಲದಾದಾಗ ಭೂಕಂಪನಶಾಸ್ತ್ರ ಮಾಡುವ ಉಪಾಯ ಸ್ವಾರಸ್ಯಕರವಾದುದು. ಕಾಲದ ಕೊರತೆಯನ್ನು ಸ್ಥಳದಿಂದ ತುಂಬುತ್ತಾರೆ. ಆರ್ಚ್ ಜಾನ್‌ಸ್ಟನ್ ಮತ್ತು ಸಂಗಡಿಗರು 1994ರಲ್ಲಿ ಹೊರತಂದ ಬೃಹತ್ ಅಧ್ಯಯನವು ಜಗತ್ತಿನ ಎಲ್ಲ 'ಸ್ಥಿರ ಖಂಡಪ್ರದೇಶ'ಗಳ ಭೂಕಂಪಗಳನ್ನು ಒಂದೇ ಕಂತೆಯಾಗಿ ಕಟ್ಟಿತು. ಆಸ್ಟ್ರೇಲಿಯ, ಪೂರ್ವ ಅಮೆರಿಕ, ಭಾರತದ ಪರ್ಯಾಯದ್ವೀಪ ಎಲ್ಲವೂ ಒಂದೇ ಜಾತಿಯವೆಂದು ಒಪ್ಪಿಕೊಂಡರೆ ಒಂದು ಕಡೆಯ ಸಾವಿರ ವರ್ಷಗಳಿಗೆ ಬದಲಾಗಿ ಹಲವು ಕಡೆಯ ನೂರು ವರ್ಷಗಳು ದೊರೆಯುತ್ತವೆ. ತೌಲನಿಕ ಸಾಹಿತ್ಯದಲ್ಲಿಯೂ ಇದೇ ನಡೆಯಿದೆ. ಒಂದು ಪರಂಪರೆಯ ಪಠ್ಯಗಳು ಕಡಿಮೆಯಾದಾಗ ನೆರೆಯ ಪರಂಪರೆಯಿಂದ ತುಂಬಿಕೊಳ್ಳುತ್ತೇವೆ. ಅಲ್ಲಿರುವ ಅಪಾಯವೇ ಇಲ್ಲಿಯೂ ಇದೆ. ಒಂದೇ ಜಾತಿಯೆಂಬುದನ್ನು ಮೊದಲು ಒಪ್ಪಿಕೊಂಡು ಆಮೇಲೆ ಅದನ್ನೇ ಕಂಡುಹಿಡಿದಂತೆ ಆಗಬಾರದು.

ಎರಿಕ್ ಕಾಲೆ ಮತ್ತು ಸಹಲೇಖಕರು 2016ರಲ್ಲಿ ಮಂಡಿಸಿದ ವಿಚಾರ ಇನ್ನೂ ಮುಂದೆ ಹೋಗುತ್ತದೆ. ಭೂಫಲಕಗಳ ಅಂಚಿನಲ್ಲಿ ಒತ್ತಡ ಸತತವಾಗಿ ತುಂಬುತ್ತದೆ, ಬಿಡುಗಡೆಯಾಗುತ್ತದೆ, ಮತ್ತೆ ತುಂಬುತ್ತದೆ. ಆದ್ದರಿಂದ ಅಲ್ಲಿ 'ಪುನರಾವರ್ತನೆ' ಎಂಬ ಮಾತಿಗೆ ಅರ್ಥವಿದೆ. ಖಂಡಗಳ ಒಡಲಿನಲ್ಲಿ ಹಾಗಿಲ್ಲವೆಂದು ಅವರ ವಾದ. ಅಲ್ಲಿ ಒತ್ತಡವು ಬಹುಕಾಲದಿಂದ ಕೂಡಿಟ್ಟ ಧಾನ್ಯದ ಹಗೇವಿನಂತಿದೆ; ಯಾವುದೋ ಸಣ್ಣ ಕಾರಣದಿಂದ, ಸವಕಳಿಯಿಂದಲೋ ನೀರಿನಿಂದಲೋ, ಒಂದು ಕಡೆ ಬಾಯಿ ತೆರೆದು ಸ್ವಲ್ಪ ಖರ್ಚಾಗುತ್ತದೆ. ಅಲ್ಲಿ ಮತ್ತೆ ತುಂಬುವುದು ಅತಿ ನಿಧಾನ. ಮುಂದಿನ ಬಾರಿ ಬಾಯಿ ತೆರೆಯುವುದು ಬೇರೆ ಕಡೆ. ಈ ವಾದ ನಿಂತರೆ ಕಿಲ್ಲಾರಿಯ ಅನುಭವದಿಂದ ರೂಪುಗೊಂಡ ನೀತಿಯನ್ನೇ ಮರುಪರಿಶೀಲಿಸಬೇಕಾಗುತ್ತದೆ. 2002ರಲ್ಲಿ ವಲಯನಕ್ಷೆಯನ್ನು ಪರಿಷ್ಕರಿಸಿ ಮೊದಲನೆಯ ವಲಯವನ್ನು ರದ್ದುಪಡಿಸಲಾಯಿತು, ಕಿಲ್ಲಾರಿ ಪ್ರದೇಶವನ್ನು ಮೂರನೆಯ ವಲಯಕ್ಕೆ ಏರಿಸಲಾಯಿತು. 1967ರ ಡಿಸೆಂಬರ್ 11ರ ಭೂಕಂಪದ ಬಳಿಕ, 1970ರ ನಕ್ಷೆಯಲ್ಲಿ, ಕೊಯ್ನಾಕ್ಕೂ ಹೀಗೆಯೇ ಬಡ್ತಿ ದೊರೆತಿತ್ತು. ನಕ್ಷೆ ಹೀಗೆ ಪ್ರತಿ ಸಲವೂ ಸತ್ತವರ ಹಿಂದೆ ನಡೆಯುತ್ತದೆ. ಮುಂದಿನದು ಬೇರೆ ಕಡೆ ಬರುವುದಾದರೆ, ಅದೇ ತೆಳುವಾದ ಲಾವಾ ಹೊದಿಕೆಯ ಮೇಲೆ ಕುಳಿತ ದೇವಣಿಗೂ ಉದಗೀರಕ್ಕೂ ಗಡಿಯಾಚೆಯ ಬೀದರ ಕಲಬುರಗಿಗಳಿಗೂ ಕಿಲ್ಲಾರಿಯಷ್ಟೇ ಗಮನ ಸಲ್ಲಬೇಕು.

ಗಣಿತ ಇಲ್ಲಿಗೆ ನಿಂತು ಹೆಚ್ಚಿನ ದತ್ತಾಂಶ ಬೇಡುತ್ತದೆ. ಉಪಕರಣಗಳ ಕಾಲಕ್ಕಿಂತ ಹಿಂದಿನ ದತ್ತಾಂಶ ಸಿಗಬೇಕಾದದ್ದು ಮಣ್ಣಿನಲ್ಲಿ ಅಥವಾ ಬರಹದಲ್ಲಿ. ಮಣ್ಣಿನ ಕಡೆಯಿಂದ ಬಂದ ಮುಖ್ಯ ಸಾಕ್ಷ್ಯ ತೇರದ್ದು. ಕ್ರಿಸ್ತಶಕದ ಮೊದಲ ಶತಮಾನದ ಗ್ರೀಕ್ ನಾವಿಕ ಕೈಪಿಡಿ 'ಪೆರಿಪ್ಲಸ್' ಪೈಠಣದಿಂದ ಪೂರ್ವಕ್ಕೆ ಹತ್ತು ದಿನಗಳ ಹಾದಿಯೆಂದು ಹೇಳುವ ತಗರ ಇದೇ. ಕಿಲ್ಲಾರಿಯಿಂದ ವಾಯವ್ಯಕ್ಕೆ ಸುಮಾರು 40 ಕಿಲೋಮೀಟರು ದೂರದ ಈ ಪ್ರಾಚೀನ ನೆಲೆಯಲ್ಲಿ ರಾಜೇಂದ್ರನ್ ದಂಪತಿ ಪದರಗಳನ್ನು ಪರಿಶೀಲಿಸಿ, ಅಲ್ಲಿ ಕಂಡ ವಿರೂಪವು ಸುಮಾರು 1,500 ವರ್ಷಗಳ ಹಿಂದಿನ ಭೂಕಂಪವೊಂದರ ಗುರುತೆಂದು 1999ರಲ್ಲಿ ಪ್ರಕಟಿಸಿದರು. ಇದು ಸರಿಯಾದರೆ ಮರಾಠವಾಡದ ಮೌನ ಒಮ್ಮೆಯಾದರೂ ಮುರಿದಿದೆ, ಅದನ್ನು ಬರೆದಿಟ್ಟವರಿಲ್ಲ, ಅಷ್ಟೆ.

ಪುರಾತತ್ತ್ವದ ಈ ಬಗೆಯ ಓದಿಗೆ ತನ್ನದೇ ಆದ ಸಂದೇಹಗಳಿವೆ, ಅವನ್ನು ಲಘುವಾಗಿ ತಳ್ಳಿಹಾಕಬಾರದು. ಗೋಡೆ ಬೀಳಲು ಭೂಕಂಪವೇ ಬೇಕಿಲ್ಲ. ಪ್ರವಾಹ ಸಾಕು, ಯುದ್ಧ ಸಾಕು, ವಯಸ್ಸೂ ಸಾಕು. ಈ ಸೀಮೆಯಲ್ಲಿ ಇನ್ನೂ ಒಂದು ತೊಡಕಿದೆ. ಇಲ್ಲಿನದು ಎರೆಭೂಮಿ. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ, ಕೈ ತೂರುವಷ್ಟು ಬಿರಿಯುವ ಮಣ್ಣು. ಅಂಥ ಮಣ್ಣಿನ ಮೇಲೆ ಶತಮಾನಗಳ ಕಾಲ ನಿಂತ ಇಟ್ಟಿಗೆಯ ಕಟ್ಟಡ ನೆಲ ನಡುಗದೆಯೂ ಬಾಗುತ್ತದೆ, ಸೀಳುತ್ತದೆ. ಆದ್ದರಿಂದ ಒಂದು ನೆಲೆಯ ಒಂದು ಬಿರುಕಿನಿಂದ ಭೂಕಂಪವನ್ನು ಕಟ್ಟಲಾಗದು. ಒಂದೇ ಕಾಲಕ್ಕೆ ಸೇರಿದ ವಿರೂಪ ಹಲವು ನೆಲೆಗಳಲ್ಲಿ ಕಾಣಬೇಕು. ತೇರದ ಸಾಕ್ಷ್ಯಕ್ಕೆ ಸಂಗಾತಿ ಸಾಕ್ಷ್ಯಗಳನ್ನು ಒದಗಿಸುವುದು ಇನ್ನೂ ನಡೆಯಬೇಕಾದ ಕೆಲಸ. ತೇರದ ಕಂಪನವನ್ನೂ ಕಿಲ್ಲಾರಿಯ ಕಂಪನವನ್ನೂ ಒಂದೇ ಸ್ತರಭಂಗದ ಎರಡು ತುದಿಗಳೆಂದು ಭಾವಿಸಿ '1,500 ವರ್ಷಗಳಿಗೊಮ್ಮೆ' ಎನ್ನುವುದಂತೂ ಸಲ್ಲದು. ಒಂದೇ ಒಂದು ಅಂತರ ಸರಾಸರಿಯಾಗುವುದಿಲ್ಲ.

ಬರಹದ ಕಡೆಗೆ ಬಂದರೆ ಕನ್ನಡ ವಿದ್ವತ್ತಿನ ಹೊಣೆ ನೇರವಾಗಿ ಎದುರಾಗುತ್ತದೆ. ಭಾರತೀಯ ಪಠ್ಯಗಳಿಂದ ಭೂಕಂಪಗಳ ಇತಿಹಾಸ ಕಟ್ಟುವ ಕೆಲಸಕ್ಕೆ ಆರ್. ಎನ್. ಅಯ್ಯಂಗಾರ್ ಮತ್ತು ಸಹಲೇಖಕರ 1999ರ ಅಧ್ಯಯನ ಒಂದು ಒಳ್ಳೆಯ ಮಾದರಿ. ಮಧ್ಯಯುಗದ ಸಂಸ್ಕೃತ, ಪಾರಸಿ ಮೊದಲಾದ ಆಕರಗಳನ್ನು ಅವರು ಭೂಕಂಪಗಳಿಗಾಗಿ ಹುಡುಕಿದರು. ಮರಾಠವಾಡಕ್ಕೆ ಸಂಬಂಧಿಸಿದಂತೆ ಹತ್ತರಿಂದ ಹದಿಮೂರನೆಯ ಶತಮಾನದವರೆಗಿನ ಬಹುಮುಖ್ಯ ಆಕರಸಮೂಹ ಕನ್ನಡ ಶಾಸನಗಳು. ಶ್ರೀನಿವಾಸ ರಿತ್ತಿ ಮತ್ತು ಜಿ. ಸಿ. ಶೇಳ್ಕೆ ಅವರ ನಾಂದೇಡ ಜಿಲ್ಲೆಯ ಶಾಸನಸಂಪುಟ (1968), ರಿತ್ತಿ ಮತ್ತು ಆನಂದ ಕುಂಭಾರ ಅವರ ಸೊಲ್ಲಾಪುರ ಜಿಲ್ಲೆಯ ಸಂಪುಟ (1988) ಈ ಸಮೂಹದ ವಿಸ್ತಾರವನ್ನು ತೋರಿಸಿಕೊಟ್ಟಿವೆ. ಇವನ್ನು ಭೂಕಂಪದ ದೃಷ್ಟಿಯಿಂದ ಓದಬಹುದೇ?

ಓದಬಹುದು, ಆದರೆ ಶಾಸನದ ಭಾಷೆಯನ್ನು ಬಲ್ಲವರು ಓದಬೇಕು. ದೇವಾಲಯದ ದತ್ತಿಗಳಲ್ಲಿ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ: ಒಡೆದುದನ್ನು, ಸೀಳಿದುದನ್ನು, ಶಿಥಿಲವಾದುದನ್ನು ಸರಿಪಡಿಸಲೆಂದು ಭೂಮಿಯನ್ನೋ ಹಣವನ್ನೋ ಬಿಟ್ಟರು ಎಂದು. ಗಣಕಯಂತ್ರಕ್ಕೆ ಶಾಸನಪಾಠಗಳನ್ನು ಉಣಿಸಿ 'ಸೀಳಿದ ದೇವಾಲಯಗಳ' ನಕ್ಷೆ ತೆಗೆಯುವುದು ಇಂದು ಕಷ್ಟವಲ್ಲ. ಬೇಕಾದಷ್ಟು ಚುಕ್ಕೆಗಳು ಮೂಡುತ್ತವೆ. ಆದರೆ ಅವುಗಳಲ್ಲಿ ಬಹುಪಾಲು ಅರ್ಥಹೀನ. ಆ ಮಾತು ಒಂದು ಸಿದ್ಧಸೂತ್ರ. ಅಂಗಭೋಗ, ರಂಗಭೋಗ, ಋಷಿಯರ ಆಹಾರದಾನಗಳ ಸಾಲಿನಲ್ಲಿಯೇ ಅದು ಬರುತ್ತದೆ. ಹೊಸದಾಗಿ ಕಟ್ಟಿದ, ಒಂದು ಕಲ್ಲೂ ಕದಲದ ದೇವಾಲಯದ ದತ್ತಿಯಲ್ಲಿಯೂ ಮುಂದಿನ ದುರಸ್ತಿಗೆಂದು ಅದನ್ನು ಬರೆಯಿಸುತ್ತಿದ್ದರು. ಹಾಗಾಗಿ ಅದರ ಇರವು ಭೂಕಂಪವನ್ನು ಸಾಧಿಸುವುದಿಲ್ಲ. ಅಂತೆಯೇ ಶಾಸನಗಳಲ್ಲಿ ಭೂಕಂಪದ ಉಲ್ಲೇಖವಿಲ್ಲದಿರುವುದೂ ಏನನ್ನೂ ಸಾಧಿಸುವುದಿಲ್ಲ. ದಾನಶಾಸನ ಬರೆದದ್ದು ದಾನವನ್ನು ಸ್ಥಿರಗೊಳಿಸಲು, ಆಚಂದ್ರಾರ್ಕವಾಗಿ ನಿಲ್ಲಿಸಲು. ನೆಲವೇ ಅಸ್ಥಿರವೆಂಬ ಸುದ್ದಿಗೆ ಆ ಪ್ರಕಾರದಲ್ಲಿ ಸ್ಥಳವಿಲ್ಲ. ಪಠ್ಯಪ್ರಕಾರದ ಈ ಅರಿವಿಲ್ಲದೆ ಮಾಡುವ ಎಣಿಕೆ ಮೊದಲನೆಯ ವಲಯದ ತಪ್ಪನ್ನೇ ತಿರುವುಮುರುವಾಗಿ ಮಾಡುತ್ತದೆ.

ಉಪಯೋಗಕ್ಕೆ ಬರಬಹುದಾದದ್ದು ಸೂತ್ರವನ್ನು ಮೀರಿದ ವಿವರ: ಹೆಸರಿಸಿದ ದೇವಾಲಯವೊಂದು ಬಿದ್ದು ಮತ್ತೆ ಕಟ್ಟಲ್ಪಟ್ಟುದು, ಲಿಂಗದ ಪುನಃಪ್ರತಿಷ್ಠೆ, ಒಂದೇ ನಾಡಿನ ಹಲವು ಊರುಗಳಲ್ಲಿ ಕೆಲವೇ ವರ್ಷಗಳ ಅಂತರದಲ್ಲಿ ನಡೆದ ಅಂಥ ಪುನರ್ನಿರ್ಮಾಣ. ಇವನ್ನು ಕಟ್ಟಡದ ಮೇಲಿನ ದುರಸ್ತಿಯ ಗುರುತುಗಳೊಡನೆ, ತೇರದಂಥ ನೆಲೆಗಳ ಪದರಗಳೊಡನೆ ಹೊಂದಿಸಿ ನೋಡಬೇಕು. ಲಾತೂರ, ನಿಲಂಗಾ, ಉದಗೀರ, ಉಮರ್ಗಾಗಳ ಶಾಸನಗಳ ಮಟ್ಟಿಗೆ ಈ ಕೆಲಸಕ್ಕೆ ಬೇಕಾದ ಅರ್ಹತೆ ಮೂರು: ಹಳಗನ್ನಡ, ಮರಾಠಿ, ಮತ್ತು ಹೊಲಗಳ ನಡುವೆ ನಿಂತ ಕಲ್ಲನ್ನು ಹುಡುಕಿಕೊಂಡು ಹೋಗುವ ಕಾಲು.

ಸತ್ತವರನ್ನು ಕೊಂದದ್ದು ಭೂಕಂಪವಲ್ಲ, ಮನೆ ಎಂಬ ಮಾತು ಈ ಕ್ಷೇತ್ರದಲ್ಲಿ ಹಳತಾಗಿದೆ. ಆದರೂ ಯಾವ ಮನೆ, ಹೇಗೆ ಎಂಬ ವಿವರಕ್ಕೆ ಇಳಿದಾಗ ಅದು ಅಷ್ಟು ಸರಳವಲ್ಲ. ಮರಾಠಿಯಲ್ಲಿ ಮಾಳವದ, ಕನ್ನಡದಲ್ಲಿ ಮಾಳಿಗೆ ಎನ್ನುವ ಈ ಮನೆಗೆ ಎರಡು ಅಂಗಗಳಿವೆ. ಒಳಗೆ ಮರದ ಕಂಬ, ತೊಲೆ, ಜಂತೆಗಳ ಹಂದರ; ಅದರ ಮೇಲೆ ಬೇಸಿಗೆಯ ಕಾವನ್ನು ತಡೆಯುವ ದಪ್ಪನೆಯ ಮಣ್ಣಿನ ಮೇಲ್ಮುದ್ದೆ. ಹೊರಗೆ ಎರಡಡಿಗೂ ಮೀರಿದ ದಪ್ಪದ ಕಲ್ಲಿನ ಗೋಡೆ, ಕೆಸರುಮಣ್ಣಿನಲ್ಲಿ ಕಟ್ಟಿದ್ದು. ಗೋಡೆ ದಪ್ಪವಿದ್ದರೂ ಅದು ನಿಜವಾಗಿ ಎರಡು ಗೋಡೆ: ಹೊರಮುಖದ ಕಲ್ಲುಸಾಲು, ಒಳಮುಖದ ಕಲ್ಲುಸಾಲು, ನಡುವೆ ಚೂರುಕಲ್ಲು ಮತ್ತು ಮಣ್ಣು. ಎರಡು ಮುಖಗಳನ್ನು ಹೊಲಿಯುವ ಉದ್ದಗಲ್ಲುಗಳಿಲ್ಲದಿದ್ದರೆ ನೆಲ ಅಲುಗಿದೊಡನೆ ಅವು ಬೇರ್ಪಟ್ಟು ಉರುಳುತ್ತವೆ. ರೋಹಿತ್ ಜಿಗ್ಯಾಸು ಅವರು ನಾರ್ವೆಯ ತ್ರೋನ್ಹೈಮ್‌ನ ವಿಶ್ವವಿದ್ಯಾಲಯಕ್ಕೆ 2002ರಲ್ಲಿ ಸಲ್ಲಿಸಿದ ಮಹಾಪ್ರಬಂಧ ಮರಾಠವಾಡ ಮತ್ತು ನೇಪಾಳದ ಹಳ್ಳಿಗಳನ್ನು ಹೋಲಿಸುತ್ತ, ಸ್ಥಳೀಯ ಕಟ್ಟುವಿದ್ಯೆಯೇ ಅಪಾಯವೆಂಬ ತೀರ್ಪನ್ನು ಪ್ರಶ್ನಿಸಿತು. ಮರದ ಹಂದರ ಗಟ್ಟಿಯಾಗಿದ್ದಲ್ಲಿ ಗೋಡೆ ಹೊರಕ್ಕೆ ಬಿದ್ದರೂ ಮಾಳಿಗೆಯನ್ನು ಕಂಬಗಳು ಹೊತ್ತು ನಿಲ್ಲಬಲ್ಲವು. ಮರ ದುಬಾರಿಯಾಗಿ ಹಂದರ ಸೊರಗಿ, ಭಾರವೆಲ್ಲ ಕೆಸರಿನ ಗೋಡೆಯ ಮೇಲೆ ಬಿದ್ದಾಗ ಮನೆ ಬಲೆಯಾಗುತ್ತದೆ. ಕುಸಿದದ್ದು ಪರಂಪರೆಯೋ, ಪರಂಪರೆಯನ್ನು ಪಾಲಿಸಲು ಬೇಕಾದ ಸಂಪನ್ಮೂಲವೋ ಎಂಬುದು ಇಲ್ಲಿನ ಪ್ರಶ್ನೆ.

ವಿಶ್ವಬ್ಯಾಂಕಿನ ನೆರವಿನಿಂದ 1994ರಲ್ಲಿ ಆರಂಭವಾದ ಪುನರ್ವಸತಿ ಯೋಜನೆಯು ಈ ಪ್ರಶ್ನೆಗೆ ನಿಂತು ಉತ್ತರ ಹುಡುಕುವ ಸ್ಥಿತಿಯಲ್ಲಿರಲಿಲ್ಲ. ಪೂರ್ಣವಾಗಿ ನಾಶವಾದ 52 ಊರುಗಳನ್ನು ಹೊಸ ಜಾಗಗಳಿಗೆ ಸ್ಥಳಾಂತರಿಸಲು ನಿರ್ಧರಿಸಲಾಯಿತು. ಮನೆಯ ಅಳತೆಯನ್ನು ಹಿಡುವಳಿಗೆ ತಕ್ಕಂತೆ ಗೊತ್ತುಪಡಿಸಿದರು: ಭೂಹೀನರಿಗೂ ಒಂದು ಹೆಕ್ಟೇರಿನವರೆಗಿನ ಹಿಡುವಳಿದಾರರಿಗೂ 250 ಚದರ ಅಡಿ, ಏಳು ಹೆಕ್ಟೇರಿನವರೆಗೆ 400, ಅದಕ್ಕೂ ಮೇಲ್ಪಟ್ಟವರಿಗೆ 750. ಹಳೆಯ ಊರಿನ ಅಸಮಾನತೆ ಹೀಗೆ ಕಾಂಕ್ರೀಟಿನಲ್ಲಿ ಚೊಕ್ಕವಾಗಿ ಮರುಮುದ್ರಣಗೊಂಡಿತು. ಈ ಭಾಗದ ಮನೆ ಚದರ ಅಡಿಯಲ್ಲಿ ಅಳೆಯುವಂಥದಾಗಿರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಎರಡು ಕಂಬಗಳ ನಡುವಣ ಅಂತರವೇ ಅಳತೆ. ಕನ್ನಡದಲ್ಲಿ ಅಂಕಣ, ಮರಾಠಿಯಲ್ಲಿ ಖಣ. ಮಗನ ಮದುವೆಯಾದರೆ ಒಂದು ಅಂಕಣ ಬೆಳೆಯುತ್ತಿತ್ತು, ಪಾಲಾದರೆ ಅಂಕಣಗಳ ಲೆಕ್ಕದಲ್ಲಿ ಪಾಲಾಗುತ್ತಿತ್ತು. ಹೊಸ ಬಡಾವಣೆಯ ನೇರ ಬೀದಿಗಳ ಪೆಟ್ಟಿಗೆಮನೆಗಳಲ್ಲಿ ಬೆಳೆಯುವ ಈ ವ್ಯಾಕರಣ ಇರಲಿಲ್ಲ. ಜೆನಿಫರ್ ಡೈನ್ ಬಾರೆನ್‌ಸ್ಟೈನ್ ಮೊದಲಾದವರು ಈ ವಸತಿಗಳನ್ನು ದೀರ್ಘಕಾಲ ಗಮನಿಸಿ ಬರೆದಿರುವುದರಿಂದ, ಒಂದು ಊರನ್ನು ಎತ್ತಿ ಇನ್ನೊಂದು ಕಡೆ ಇಡುವುದರ ಪರಿಣಾಮವನ್ನು ಅಳೆಯಲು ಮರಾಠವಾಡವು ಜಗತ್ತಿನ ವಿಪತ್ತು ಅಧ್ಯಯನಗಳಲ್ಲಿ ಒಂದು ನಿದರ್ಶನವಾಗಿ ನಿಂತಿದೆ.

ಸ್ಥಳಾಂತರದ ಕಥೆ ಹೆಚ್ಚು ಪ್ರಸಿದ್ಧವಾದರೂ ಸಂಖ್ಯೆಯಲ್ಲಿ ದೊಡ್ಡದು ಇನ್ನೊಂದು ಭಾಗ. ಕುಸಿಯದೆ ಉಳಿದ, ಆದರೆ ಬಿರಿದ ಮನೆಗಳ ದುರಸ್ತಿ ಮತ್ತು ಬಲವರ್ಧನೆ ಹದಿಮೂರು ಜಿಲ್ಲೆಗಳಿಗೆ ಹಬ್ಬಿತು. ಗೋಡೆಯಲ್ಲಿ ತೂತು ಕೊರೆದು ಕಾಂಕ್ರೀಟು ತುಂಬಿ ಎರಡು ಮುಖಗಳನ್ನು ಹೊಲಿಯುವುದು, ಮಾಳಿಗೆಯ ಮಣ್ಣನ್ನು ತೆಳುವಾಗಿಸುವುದು, ಸುತ್ತ ಪಟ್ಟಿ ಕಟ್ಟುವುದು ಇತ್ಯಾದಿ ಕ್ರಮಗಳಿದ್ದವು. ಮಾಹಿತಿಯನ್ನು ಮನೆಮನೆಗೆ ಮುಟ್ಟಿಸಲು ಸ್ವಯಂ ಶಿಕ್ಷಣ ಪ್ರಯೋಗ ಸಂಸ್ಥೆಯ ಮೂಲಕ ಹಳ್ಳಿಯ ಮಹಿಳೆಯರನ್ನು 'ಸಂವಾದ ಸಹಾಯಕ'ರನ್ನಾಗಿ ನೇಮಿಸಿದ್ದು ಆ ಯೋಜನೆಯ ಅತ್ಯಂತ ವಿವೇಕದ ಹೆಜ್ಜೆ. ಆದರೂ ಅನೇಕ ಕುಟುಂಬಗಳು ಸಹಾಯಧನವನ್ನು ಹಳೆಯ ಮನೆಯ ಬಲವರ್ಧನೆಗೆ ಬಳಸದೆ ಪಕ್ಕದಲ್ಲಿ ಹೊಸದೊಂದು ಕೋಣೆ ಕಟ್ಟಿಕೊಂಡವು. ತಜ್ಞರು ಇದನ್ನು ತಿಳುವಳಿಕೆಯ ಕೊರತೆಯೆಂದು ಬರೆಯುವುದುಂಟು. ಹೊಲಿದ ಗೋಡೆ ಕಣ್ಣಿಗೆ ಕಾಣದು, ಹೊಸ ಕೋಣೆ ಕಾಣುತ್ತದೆ, ಮತ್ತು ಅದರಲ್ಲಿ ಧಾನ್ಯ ಇಡಬಹುದು. ಇದನ್ನು ಅಜ್ಞಾನವೆನ್ನಲು ಧೈರ್ಯ ಬೇಕು.

ಮೂವತ್ತು ವರ್ಷಗಳ ಬಳಿಕವೂ ಈ ನೆಲ ಸುಮ್ಮನಿಲ್ಲ. 2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ನೆಲದೊಳಗಿನ ಸದ್ದು ಮತ್ತು ಕಂಪನಗಳು ಜನರನ್ನು ಮನೆಯಿಂದ ಹೊರಗಟ್ಟಿದವು. 2022ರ ಸೆಪ್ಟೆಂಬರಿನಲ್ಲಿ ನಿಲಂಗಾ ತಾಲ್ಲೂಕಿನ ಹಾಸೋರಿಯಲ್ಲಿ ಅಂಥವೇ ಸದ್ದುಗಳು ಕೇಳಿಬಂದವು. 1992ರ ಆಗಸ್ಟಿನಿಂದ ಅಕ್ಟೋಬರಿನವರೆಗೆ ಕಿಲ್ಲಾರಿಯಲ್ಲಿಯೂ ಹೀಗೆ ಸಣ್ಣ ಕಂಪನಗಳ ಸರಣಿ ನಡೆದಿತ್ತು. ಹನ್ನೊಂದು ತಿಂಗಳ ಬಳಿಕ ಬಂದದ್ದು ದೊಡ್ಡದು. ಎಲ್ಲವೂ ಮಳೆಗಾಲದ ಕೊನೆಯಲ್ಲಿ. ಇಂಗಿದ ನೀರು ಕಲ್ಲಿನ ಬಿರುಕುಗಳಲ್ಲಿ ಒತ್ತಡ ಹೆಚ್ಚಿಸಿ ಸಣ್ಣ ಕಂಪನಗಳನ್ನು ಪ್ರಚೋದಿಸುತ್ತದೆಯೆಂಬ ಸಿದ್ಧಾಂತಕ್ಕೆ ಇದು ಒಪ್ಪುತ್ತದೆ. ನಾಲ್ಕು ಘಟನೆಗಳೂ ಆಕಸ್ಮಿಕವಾಗಿ ಆಗಸ್ಟ್‌ನಿಂದ ಅಕ್ಟೋಬರಿನ ಮೂರು ತಿಂಗಳಲ್ಲಿಯೇ ಬೀಳುವ ಸಂಭವ 256ರಲ್ಲಿ ಒಂದು ಎಂದು ಲೆಕ್ಕ ಹಾಕಿ ಬೆರಗಾಗಬಹುದು. ಆದರೆ ಆ ಮೂರು ತಿಂಗಳನ್ನು ಆರಿಸಿದ್ದು ಘಟನೆಗಳನ್ನು ನೋಡಿದ ಮೇಲೆ. 1992 ಮತ್ತು 1993ರವು ಸ್ವತಂತ್ರ ಘಟನೆಗಳಲ್ಲ. 2024ರಲ್ಲಿ ಹಿಂಗೋಲಿಯಲ್ಲಿ ಕಂಪನಗಳಾದದ್ದು ಮಾರ್ಚ್ 21 ಮತ್ತು ಜುಲೈ 10ರಂದು. ಇಂಥ ಲೆಕ್ಕ ಸುಲಭವಾಗಿ ಸುದ್ದಿಯಾಗುತ್ತದೆ, ಅಷ್ಟೇ ಸುಲಭವಾಗಿ ಸುಳ್ಳಾಗುತ್ತದೆ. ಸದ್ದು ಬಂದ ಕಡೆಯೆಲ್ಲ ದೊಡ್ಡ ಭೂಕಂಪ ಬರುವುದಿಲ್ಲ. ಬಹುತೇಕ ಸರಣಿಗಳು ತಾವಾಗಿಯೇ ಅಡಗುತ್ತವೆ. ಕಿಲ್ಲಾರಿಯದು ಅಡಗಿದಂತೆ ತೋರಿ ಅಡಗಿರಲಿಲ್ಲ.

ಈ ಸಣ್ಣ ಸರಣಿಗಳ ವಿಷಯದಲ್ಲಿ ಯಂತ್ರಕ್ಕಿಂತ ಕಿವಿ ಮೊದಲು. ದೂರದ ಕೇಂದ್ರಗಳ ಉಪಕರಣಕ್ಕೆ ಸಿಗದ ಕಂಪನ ಊರಿನವರಿಗೆ ಸದ್ದಾಗಿ ಕೇಳುತ್ತದೆ. ಅವರು ತಿಳಿಸಿದ ಮೇಲೆಯೇ ತಾತ್ಕಾಲಿಕ ಉಪಕರಣ ಬರುತ್ತದೆ. ಕಂಪನದ ತೀವ್ರತೆಯ ಮಾಪಕವೂ ಮೂಲತಃ ಮಾತಿನ ಮೇಲೆ ನಿಂತಿದೆ: ಮಲಗಿದವರು ಎಚ್ಚರಗೊಂಡರೇ, ತೂಗುಹಾಕಿದ್ದು ಓಲಾಡಿತೇ, ಪಾತ್ರೆ ಕೆಳಗೆ ಬಿತ್ತೇ, ಸದ್ದು ಹೇಗಿತ್ತು? ಈ ಪ್ರಶ್ನೆಗಳನ್ನು ಮನೆಯಲ್ಲಿ ಕನ್ನಡವನ್ನಾಡುವ ನಿಲಂಗಾದ ಮುದುಕಿಗೆ ಮರಾಠಿ ನಮೂನೆಯಲ್ಲಿ ಕೇಳಿ, ಉತ್ತರವನ್ನು ಇಂಗ್ಲಿಷಿನ ಹನ್ನೆರಡು ದರ್ಜೆಗಳಲ್ಲೊಂದಕ್ಕೆ ಹೊಂದಿಸುವಾಗ ಎರಡು ಅನುವಾದಗಳು ನಡೆಯುತ್ತವೆ. ನಡುಕ, ಅದುರು, ಕುಲುಕು, ಓಲಾಟ, ಗುಡುಗು, ಮೊರೆತ ಎಂಬ ಪದಗಳ ನಡುವಿನ ಭೇದವನ್ನು ಕನ್ನಡಿಗರು ಮನಸ್ಸಿನಲ್ಲೇ ಬಲ್ಲರು. ಅವು ಬೇರೆಬೇರೆ ಆವರ್ತನಗಳ, ಬೇರೆಬೇರೆ ದೂರದ ಕಂಪನಗಳ ವರ್ಣನೆಗಳೂ ಆಗಬಲ್ಲವು. ಉಮರ್ಗಾದಿಂದ ದೇವಣಿಯವರೆಗಿನ ಹಳ್ಳಿಗಳಲ್ಲಿ 1992ರ ಸದ್ದುಗಳನ್ನು ಕೇಳಿಸಿಕೊಂಡವರ ಪೈಕಿ ಅಂದು ಮೂವತ್ತು ದಾಟಿದ್ದವರಿಗೆ ಈಗ ಅರವತ್ತರ ಮೇಲಾಗಿದೆ. ಅವರ ಮಾತನ್ನು ಅವರ ಮನೆಯ ನುಡಿಯಲ್ಲಿಯೇ, ಊರಿನ ಹೆಸರು, ಮನೆಯ ಬಗೆ, ಮಣ್ಣಿನ ಬಗೆಗಳೊಡನೆ ಧ್ವನಿಮುದ್ರಿಸಿಕೊಳ್ಳಲು ಬೇಕಾದ ಉಪಕರಣ ಇಂದು ಪ್ರತಿಯೊಬ್ಬ ಕ್ಷೇತ್ರಕಾರ್ಯಕರ್ತನ ಜೇಬಿನಲ್ಲಿದೆ.